ದೊಡ್ಡ ಅಂಗಗಳ ವರದಿ ಇನ್ನು ಒಂದು ದಿನ ತಡ: ನಮ್ಮ ವೈದ್ಯರಿಗೂ ನರ್ಸಿಂಗ್ ಹೋಮ್‌ಗಳಿಗೂ ಪತ್ರ

ಮಾನ್ಯರೇ,

ಬರುವ ತಿಂಗಳ ಒಂದನೇ ತಾರೀಖಿನಿಂದ ಗರ್ಭಕೋಶ, ಮೂತ್ರಪಿಂಡದಂಥ ದೊಡ್ಡ ಅಂಗಗಳ ಹಿಸ್ಟೋಪೆಥಾಲಜಿ ವರದಿ (ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕೊಡುವ ವರದಿ) ಈಗಿನದಕ್ಕಿಂತ ಒಂದು ದಿನ ತಡವಾಗಿ ಸಿಗುತ್ತದೆ. ಕ್ಷಯದ ಶಂಕೆಯಿರುವ ಗಂಟುಗಳಿಗೆ ಫ್ರೋಜನ್ ಸೆಕ್ಷನ್ (ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ ಹಸಿ ತುಂಡನ್ನು ಹೆಪ್ಪುಗಟ್ಟಿಸಿ ಕತ್ತರಿಸಿ ನೋಡುವ ತುರ್ತು ಪರೀಕ್ಷೆ) ಮಾಡುವುದಿಲ್ಲ. ಪ್ರತಿ ಸ್ಯಾಂಪಲ್‌ಗೆ 80 ರೂಪಾಯಿ ಸುರಕ್ಷತಾ ಶುಲ್ಕ ಸೇರುತ್ತದೆ. ವರದಿಗಾಗಿ ಬಾಗಿಲಲ್ಲಿ ಕಾಯುವ ಮನೆಯವರಿಗೆ ಉತ್ತರ ಹೇಳಬೇಕಾದವರು ನೀವು ಎಂಬುದು ನಮಗೆ ಗೊತ್ತು. ಆ ತೊಂದರೆಗೆ ಕ್ಷಮೆ ಇರಲಿ.

"ಫಾರ್ಮಾಲಿನ್‌ನಲ್ಲಿ ಹಾಕಿಯೇ ಕಳಿಸಿದ್ದೇವಲ್ಲ, ರೋಗಾಣು ಇನ್ನೆಲ್ಲಿ ಉಳಿದಿರುತ್ತದೆ?" ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ ಮಾತು ಇದು. ಒಳಗೆ ಉಳಿದಿರುತ್ತದೆ. ಅಂಗಾಂಶವನ್ನು ಕೆಡದಂತೆ ಗಟ್ಟಿಗೊಳಿಸಿ ರೋಗಾಣುವನ್ನೂ ಕೊಲ್ಲುವ ಈ ಫಾರ್ಮಾಲಿನ್ ದ್ರಾವಣ ಒಳಗೆ ಇಳಿಯುವುದು ಗಂಟೆಗೆ ಸುಮಾರು ಒಂದು ಮಿಲಿಮೀಟರ್. ಆಳಕ್ಕೆ ಹೋದಂತೆ ಇನ್ನೂ ನಿಧಾನ. ಸಂಜೆ ತೆಗೆದ ಗರ್ಭಕೋಶ ಬೆಳಿಗ್ಗೆ ನಮ್ಮ ಮೇಜಿಗೆ ಬಂದಾಗ ಹೊರಗೆ ಬೂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುತ್ತದೆ. ಸೀಳಿದರೆ ನಡುವೆ ಹಸಿ ಕೆಂಪು, ಚಾಕುವಿಗೆ ರಕ್ತ ಅಂಟುತ್ತದೆ. ಆ ಕೆಂಪಿನಲ್ಲಿ ಹೆಪಟೈಟಿಸ್ ಬಿ ಇರಬಹುದು, ಎಚ್‌ಐವಿ ಇರಬಹುದು, ಕ್ಷಯದ ರೋಗಾಣು ಜೀವಂತವಾಗಿರಬಹುದು. ಚಾಕು ಹಿಡಿದಿರುವವರು ನಮ್ಮ ತಂತ್ರಜ್ಞರು. ಹಸಿ ಉಳಿದ ಭಾಗದಿಂದ ಸ್ಲೈಡಿಗೆ ಬೇಕಾದ ಮೂರು-ನಾಲ್ಕು ಮೈಕ್ರಾನ್‌ನ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಪದರ ನೆಟ್ಟಗೆ ಬರುವುದೂ ಇಲ್ಲ. ಕೋಶಕೇಂದ್ರ ಕದಡಿರುತ್ತದೆ, ಸ್ಲೈಡಿನ ಚಿತ್ರ ತೆಗೆಯುವ ಸ್ಕ್ಯಾನರ್ ಎಷ್ಟೇ ಒಳ್ಳೆಯದಿದ್ದರೂ ಚಿತ್ರ ಮಂಕು. ಆದ್ದರಿಂದ ದೊಡ್ಡ ಅಂಗವನ್ನು ಬಂದ ಕೂಡಲೇ ಸೀಳಿ, ಹೊಸ ಫಾರ್ಮಾಲಿನ್‌ನಲ್ಲಿ ಇಡೀ ದಿನ ನೆನೆಸಿದ ಮೇಲೆಯೇ ಮುಂದಿನ ಕೆಲಸ. ಸಣ್ಣ ಬಯಾಪ್ಸಿಗಳಿಗೆ ಈ ತಡವಿಲ್ಲ. ಸ್ತನದ ಗಡ್ಡೆಗಳು ಹಾರ್ಮೋನ್ ಪರೀಕ್ಷೆಗೆ ಬೇಕಾದ, ಫಾರ್ಮಾಲಿನ್‌ನಲ್ಲಿ ನೆನೆಯುವ 6ರಿಂದ 72 ಗಂಟೆಗಳ ಮಿತಿಯನ್ನು ದಾಟದಂತೆ ನೋಡಿಕೊಳ್ಳುತ್ತೇವೆ. ತೆಗೆದ ಹೊತ್ತನ್ನು ಚೀಟಿಯಲ್ಲಿ ಬರೆದು ಕಳಿಸಿ.

ಫ್ರೋಜನ್ ಸೆಕ್ಷನ್‌ನಲ್ಲಿ ಫಾರ್ಮಾಲಿನ್ನಿನ ಕಾವಲೇ ಇಲ್ಲ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಗೆ ಕ್ಷಯದ ರೋಗಾಣು ಸಾಯುವುದಿಲ್ಲ, ಕತ್ತರಿಸುವಾಗ ಏಳುವ ಪುಡಿ ಉಸಿರಿಗೆ ಸೇರುತ್ತದೆ. ಆಮೇಲೆ ಇಡೀ ಯಂತ್ರವನ್ನು ಶುದ್ಧಿ ಮಾಡುವವರೆಗೆ ಮತ್ತೊಬ್ಬರ ಶಸ್ತ್ರಕ್ರಿಯೆ ಕಾಯಬೇಕು.

ಶುಲ್ಕವನ್ನು "ಹಣ ಮಾಡುವ ದಾರಿ" ಎಂದವರಿದ್ದಾರೆ. ಆ ಮಾತು ನಮಗೆ ನೋವು ತಂದಿದೆ. ಅಂಗದ ಹತ್ತರಿಂದ ಇಪ್ಪತ್ತು ಪಟ್ಟು ಫಾರ್ಮಾಲಿನ್ ಬೇಕು, ಅದೂ ಎರಡು ಸಲ. ಬಳಸಿದ್ದನ್ನು ಚರಂಡಿಗೆ ಸುರಿಯುವಂತಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರವೇ ವಿಲೇವಾರಿಯಾಗಬೇಕು. ಈ ತ್ಯಾಜ್ಯದ ಹಳದಿ ಚೀಲ ಒಯ್ಯುವವರಿಗೆ ಹಣ ಕೊಡಬೇಕು. ಫಾರ್ಮಾಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಹೇಳಿದೆ. ಆ ಹೊಗೆ ಹೀರುವ ಕ್ಯಾಬಿನೆಟ್ಟಿನ ಫಿಲ್ಟರ್ ಬದಲಿಸದೆ ಹುಡುಗಿಯರನ್ನು ಅಲ್ಲಿ ನಿಲ್ಲಿಸಲಾರೆವು. ಇಷ್ಟು ದಿನ ಇದೆಲ್ಲವನ್ನೂ ನಾವೇ ಹೊತ್ತೆವು, ನಿಮ್ಮ ಬಿಲ್ಲಿಗೆ ಹಚ್ಚಲಿಲ್ಲ. ಸಂಶಯವಿದ್ದವರು ಬಂದು ನಮ್ಮ ಖರ್ಚಿನ ಪುಸ್ತಕ ನೋಡಬಹುದು.

ನಿಮ್ಮಿಂದಲೂ ಒಂದೆರಡು ಉಪಕಾರ ಬೇಕು. ದಯವಿಟ್ಟು ಡಬ್ಬಿಗೆ ಬ್ಲೀಚಿಂಗ್ ದ್ರಾವಣ ಬೆರೆಸಬೇಡಿ. ಅದು ಅಂಗಾಂಶವನ್ನೇ ಕೆಡಿಸುತ್ತದೆ. ಕ್ಷಯದ ಕಲ್ಚರ್ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಬೇಕಿದ್ದರೆ ಫಾರ್ಮಾಲಿನ್‌ಗೆ ಹಾಕುವ ಮೊದಲೇ ಒಂದು ತುಂಡನ್ನು ಸಲೈನ್‌ನಲ್ಲಿ ಬೇರೆ ಡಬ್ಬಿಗೆ ತೆಗೆದಿಡಿ.

ಆತುರಕ್ಕೆ ಅರೆಬರೆ ಸ್ಲೈಡ್ ನೋಡಿ ಸಹಿ ಹಾಕುವ ಅಭ್ಯಾಸ ಈ ಪ್ರಯೋಗಾಲಯಕ್ಕೆ ಇಲ್ಲ, ಬರುವುದೂ ಇಲ್ಲ. ತೀರಾ ತುರ್ತಿದ್ದರೆ ನೇರವಾಗಿ ನಮ್ಮ ಪೆಥಾಲಜಿಸ್ಟ್‌ಗೇ ಫೋನ್ ಮಾಡಿ. ಆ ರೋಗಿಯ ಬ್ಲಾಕನ್ನು (ಮೇಣದಲ್ಲಿ ಕೂರಿಸಿದ ಅಂಗಾಂಶದ ತುಂಡನ್ನು) ಸರದಿಯಲ್ಲಿ ಮುಂದೆ ತರುತ್ತೇವೆ. ನೆನೆಯುವ ಹೊತ್ತನ್ನು ಮಾತ್ರ ಕಡಿಮೆ ಮಾಡುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿಗಳು,
ಪ್ರಯೋಗಾಲಯದ ಪಾಲುದಾರರು ಮತ್ತು ಸಿಬ್ಬಂದಿ