ಹೊಟ್ಟೆ ಉಬ್ಬರವೆಲ್ಲ ಗ್ಯಾಸ್ ಅಲ್ಲ

ಮಾನ್ಯ ಸಂಪಾದಕರೇ,

ಸಿಂಧನೂರು ಕಡೆ ಭತ್ತದ ನಾಟಿಗೆ ಹೋಗುವ ಹೆಂಗಸರು ಹೊಟ್ಟೆ ಉಬ್ಬಿದರೆ ಅಜವಾನ ಜಗಿಯುತ್ತಾರೆ, ಇಲ್ಲವೇ ಮೆಡಿಕಲ್ ಶಾಪಿನಲ್ಲಿ ಗ್ಯಾಸ್ ಮಾತ್ರೆ ಕೇಳುತ್ತಾರೆ. ಆದರೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರ ವಾರಗಟ್ಟಲೆ ಬಿಡದಿದ್ದರೆ ಅಂಡಾಶಯದ ಕ್ಯಾನ್ಸರ್ ಇದೆಯೇ ಎಂದೂ ನೋಡಬೇಕು. ಬಹುಪಾಲು ಇದು ಪತ್ತೆಯಾಗುವುದೇ ಹೊಟ್ಟೆಯೊಳಗೆ ಹರಡಿದ ಮೇಲೆ.

ಇದರಲ್ಲಿ ಉರಿಯೂತದ ಪಾತ್ರವಿದೆ. ಅಂಡಾಣು ಹೊರಬೀಳುವಾಗಲೆಲ್ಲ ಅಂಡಾಶಯದ ಮೇಲ್ಪದರ ಹರಿದು ಮತ್ತೆ ಕೂಡುತ್ತದೆ. ಆಗಿನ ಉರಿಯೂತ ಪಕ್ಕದ ಗರ್ಭನಾಳದ ಜೀವಕೋಶಗಳಿಗೂ ತಾಗುತ್ತದೆ. ಇನ್ನೂ ವಿಚಿತ್ರವೆಂದರೆ, ರೋಗಾಣು ನುಂಗಬೇಕಾದ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳೇ ಗಡ್ಡೆಯ ಕಡೆ ವಾಲಿ, ಅದಕ್ಕೆ ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ‘ಇಮ್ಯುನಿಟಿ ಹೆಚ್ಚಿಸುವ’ ಪುಡಿ ಮಾರುವವರು ಇದನ್ನು ಹೇಳುವುದಿಲ್ಲ ಬಿಡಿ.

ಸರ್ಕಾರಿ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಸೇರಿವೆ. ಅಂಡಾಶಯಕ್ಕೆ ಅಂಥ ನೆಚ್ಚಬಹುದಾದ ಸಾಮೂಹಿಕ ಪರೀಕ್ಷೆಯೇ ಇಲ್ಲ. ಹಾಗಾಗಿ ಆಶಾ ಕಾರ್ಯಕರ್ತೆಯರು ಮನೆ ಭೇಟಿಯಲ್ಲಿ ಈ ಲಕ್ಷಣಗಳನ್ನೂ ವಿಚಾರಿಸಲಿ. ಲಕ್ಷಣ ಇದ್ದವರಿಗೆ, ಅದರಲ್ಲೂ ಮುಟ್ಟು ನಿಂತವರಿಗೆ, ರಾಯಚೂರಿಗೆ ಅಲೆಸದೆ ತಾಲ್ಲೂಕು ಆಸ್ಪತ್ರೆಯಲ್ಲೇ ಸ್ಕ್ಯಾನಿಂಗ್ ಆಗುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳು ನೋಡಿಕೊಳ್ಳಲಿ.

– ಒಬ್ಬ ಓದುಗರು, ಸಿಂಧನೂರು