ಆ ಗುಲಾಬಿ ಗಿಡ ಬಿಸಾಕ್ಬೇಡ ಕಣೋ

ಲೋ ಗೆಳೆಯ,

ನಿನ್ನೆ ರಾತ್ರಿ ವಾಟ್ಸಾಪಲ್ಲಿ ಕಳಿಸಿದ್ಯಲ್ಲ ಆ ಫೋಟೋ, ಮೂರ್ನಾಲ್ಕು ಸಲ ದೊಡ್ಡದು ಮಾಡ್ಕೊಂಡು ನೋಡ್ದೆ. ಎಲ್ಲಾ ಕಡ್ಡಿ ಆಗೋಯ್ತು, ಒಂದು ಕೊಂಬೆ ಮಾತ್ರ ಆಳುದ್ದ ಬೆಳೀತಿದೆ ಆದ್ರೆ ಮೊಗ್ಗೇ ಬಿಡಲ್ಲ, ಭಾನುವಾರ ಪಾಟ್ ಖಾಲಿ ಮಾಡಿ ತುಳಸಿ ಹಾಕ್ತೀನಿ ಅಂದ್ಯಲ್ಲ, ದಯವಿಟ್ಟು ಹಾಗೆ ಮಾಡ್ಬೇಡ. ಗಿಡ ಸತ್ತಿಲ್ಲ. ಆ ಕಡ್ಡಿ ಅಂತೀಯಲ್ಲ, ಅದ್ರ ತೊಗಟೆನ ಉಗುರಲ್ಲಿ ಒಂಚೂರು ಕೆರೆದು ನೋಡು, ಒಳಗೆ ಹಸಿರು ಕಾಣುತ್ತೆ, ನನಗೆ ಫೋಟೋದಲ್ಲೇ ಗೊತ್ತಾಯ್ತು.

ಮೊದ್ಲು ಆ ಉದ್ದದ ಕೊಂಬೆ ವಿಷ್ಯ. ನಿಂಗೆ ಅದನ್ನ ನೋಡಿ ಖುಷಿ ಆಗಿದೆ, ಅದೊಂದಾದ್ರೂ ಬದುಕಿದೆ ಅಂತ, ಆದ್ರೆ ನಿನ್ನ ಗಿಡ ಸೊರಗಿರೋದ್ರಲ್ಲಿ ಅದ್ರ ಪಾಲು ದೊಡ್ಡದು. ನರ್ಸರಿ ಗುಲಾಬಿ ಸಾಮಾನ್ಯವಾಗಿ ಕಸಿ ಗಿಡ ಕಣೋ, ಕೆಳಗಿನ ಬೇರು ಒಂದು ಕಾಡು ಜಾತಿದು, ಮೇಲೆ ಕಣ್ಣು, ಅಂದ್ರೆ ಚಿಗುರು ಒಡೆಯೋ ಸಣ್ಣ ಗುಬುಟು, ಕೂರ್ಸಿರೋದು ನಿಂಗೆ ಬೇಕಾದ ಹೂವಿಂದು. ಬುಡದಲ್ಲಿ ಗಂಟು ತರ ದಪ್ಪಗಿದೆಯಲ್ಲ ಅದೇ ಕಸಿ ಜಾಗ. ಅದ್ರ ಕೆಳಗಿಂದ ಬಂದಿದ್ದು ಏನಿದ್ರೂ ಬೇರಿನ ಗಿಡದ್ದು, ಅದು ಜೋರಾಗಿ ಬೆಳ್ದು ಮೇಲಿಂದಕ್ಕೆ ಊಟನೇ ಇಲ್ಲದಂಗೆ ಮಾಡ್ಬಿಡುತ್ತೆ. ಎಲೆ ಎಣಿಸಿ ನೋಡು, ನಿನ್ನ ಗುಲಾಬಿದು ಒಂದು ತೊಟ್ಟಿಗೆ ಸಾಮಾನ್ಯವಾಗಿ ಐದು ಇರುತ್ತೆ, ಆ ಕೊಂಬೇಲಿ ಏಳೋ ಒಂಬತ್ತೋ ಇರುತ್ತೆ. ಎಲೆ ಲೆಕ್ಕ ಒಂದನ್ನೇ ನಂಬ್ಬೇಡ ಆಮೇಲೆ, ಎಲ್ಲಿಂದ ಹುಟ್ಟಿದೆ ಅಂತ ಮಣ್ಣು ಸರಿಸಿ ನೋಡ್ಲೇಬೇಕು. ಕೆಳಗಿಂದಾನೇ ಅಂತ ಖಾತ್ರಿ ಆದ್ರೆ ಕತ್ರಿಸ್ಬೇಡ, ಕತ್ರಿಸಿದ್ರೆ ಅಲ್ಲಿಂದ ಇನ್ನೆರಡು ಬರುತ್ತೆ, ಬುಡದಲ್ಲೇ ಹಿಡಿದು ಕೆಳಮುಖವಾಗಿ ಕಿತ್ಬಿಡು. ಗಿರಿನಗರದ ಮನೆ ಟೆರೇಸಲ್ಲಿ ನನ್ನ ಮೊದಲ ಗುಲಾಬಿ ಹೋಗಿದ್ದು ಹೀಗೇನೇ. ಒಂದು ವರ್ಷ ಆ ಕಾಡು ಕೊಂಬೆಗೆ ಕೋಲು ಕಟ್ಟಿ ಸಾಕ್ದೆ, ಅಷ್ಟೊತ್ತಿಗೆ ಮೇಲಿನ ಕೆಂಪು ಗುಲಾಬಿ ಒಣಗಿ ಹೋಗಿತ್ತು. ಇವತ್ತಿಗೂ ಬೇಜಾರಾಗುತ್ತೆ.

ಎಲೆ ಉದುರಿದ್ದು ಬೇರೆ ಕಾರಣಕ್ಕೆ. ಹಳೇ ಫೋಟೋದಲ್ಲಿ ಎಲೆ ಮೇಲೆ ಕಪ್ಪು ಚುಕ್ಕೆ, ಸುತ್ತ ಹಳದಿ ಇತ್ತಲ್ಲ, ಬ್ಲ್ಯಾಕ್ ಸ್ಪಾಟ್ ಅದು, ಶಿಲೀಂಧ್ರ. ಎಲೆ ಒಂದೇ ಸಮನೆ ಏಳೆಂಟು ಗಂಟೆ ಒದ್ದೆ ಇದ್ರೆ ಸಾಕು ಹತ್ಕೊಳ್ಳುತ್ತೆ, ನಮ್ಮೂರಲ್ಲಿ ಆಗಸ್ಟ್ ಸೆಪ್ಟೆಂಬರಲ್ಲಿ ಸಂಜೆ ಸಂಜೆ ಮಳೆ, ಅದ್ರ ಮೇಲೆ ನೀನು ಆಫೀಸಿಂದ ಬಂದು ರಾತ್ರಿ ಒಂಬತ್ತಕ್ಕೆ ಪೈಪಲ್ಲಿ ಗಿಡ ಪೂರ್ತಿ ನೆನೆಸ್ತೀಯ. ಬೆಳಿಗ್ಗೆ ಹಾಕು, ಬುಡಕ್ಕೆ ಮಾತ್ರ ಹಾಕು. ಉದುರಿದ ಎಲೆ ಪಾಟಲ್ಲಿ ಒಂದೂ ಬಿಡ್ಬೇಡ, ಕಾಂಪೋಸ್ಟ್ ಡಬ್ಬಕ್ಕೂ ಹಾಕ್ಬೇಡ, ರೋಗ ಅದ್ರಲ್ಲೇ ಕೂತಿರುತ್ತೆ.

ಈಗ ಕಟಿಂಗ್. ಇದಕ್ಕೇ ನೀನು ಹೆದರ್ತೀಯ ಅಂತ ಗೊತ್ತು, ನಾನೂ ಹೆದರ್ತಿದ್ದೆ. ದಸರಾ ಮುಗೀತು, ಮಳೆ ಹಿಂದೆ ಸರೀತಿದೆ, ಬೆಂಗಳೂರಿಗೆ ಗುಲಾಬಿ ಕತ್ರಿಸೋಕೆ ಇದಕ್ಕಿಂತ ಒಳ್ಳೆ ಟೈಮಿಲ್ಲ. ಎರಡು ದಿನ ಬಿಸಿಲು ಬರೋದು ನೋಡ್ಕೊಂಡು ಮಾಡು. ಒಣಗಿದ್ದು, ಒಂದಕ್ಕೊಂದು ತಾಗಿ ಉಜ್ಕೊಳ್ತಿರೋದು, ಪೆನ್ಸಿಲ್‌ಗಿಂತ ಸಣ್ಣ ಇರೋದು ಎಲ್ಲಾ ತೆಗಿ, ಗಟ್ಟಿ ಕೊಂಬೆ ಎರಡೋ ಮೂರೋ ಉಳಿದ್ರೂ ಸಾಕು. ಅವನ್ನ ಹೊರಗಡೆ ಮುಖ ಮಾಡಿರೋ ಕಣ್ಣಿಂದ ಕಾಲಿಂಚು ಮೇಲಕ್ಕೆ ಓರೆಯಾಗಿ ಕತ್ರಿಸು. ಕಟ್ ಮಾಡಿದ ಬಾಯಿ ನೋಡು, ಒಳಗಿನ ತಿರುಳು ಕಂದು ಇದ್ರೆ ಇನ್ನೂ ಕೆಳಗೆ ಹೋಗು, ಬೆಳ್ಳಗೆ ಕಾಣೋವರೆಗೂ ಹೋಗು, ಕಂದು ಇರೋ ಕಡೆನೇ ನಿಲ್ಸಿದ್ರೆ ತುದಿಯಿಂದ ಒಣಗ್ತಾ ಒಣಗ್ತಾ ಬುಡದವರೆಗೂ ಬರುತ್ತೆ. ಕತ್ರಿಸಿದ ಬಾಯಿಗೆ ಅರಿಶಿನ ಹಚ್ಚೋರು ತುಂಬಾ ಜನ ಇದಾರೆ, ನಾನು ಮಾತ್ರ ಕಾಪರ್ ಆಕ್ಸಿಕ್ಲೋರೈಡ್ ಅನ್ನೋ ಶಿಲೀಂಧ್ರನಾಶಕ ಪುಡಿನ ನೀರಲ್ಲಿ ಗಟ್ಟಿಯಾಗಿ ಕಲಸಿ ಬ್ರಶ್ಶಲ್ಲಿ ಹಚ್ತೀನಿ, ಗ್ಲೌಸ್ ಹಾಕ್ಕೋ, ಮಗು ಕೈಗೆ ಸಿಗದಂಗೆ ಇಡು.

ಮಣ್ಣು ಒಂದ್ಸಲ ನೋಡ್ಬೇಕು. ನರ್ಸರಿಯಿಂದ ಬಂದ ಜೇಡಿ ಉಂಡೆ ಹಾಗೇ ಇಟ್ಟಿದ್ರೆ ಈಗ ಕಲ್ಲಾಗಿರುತ್ತೆ, ನೀರು ಪಕ್ಕದಲ್ಲಿ ಇಳಿದು ಹೋಗುತ್ತೆ, ಬೇರಿಗೆ ಸಿಗಲ್ಲ. ಬಕೆಟ್ ನೀರಲ್ಲಿ ನೆನೆಸಿ ಹೊರಗಿನ ಜೇಡಿ ಮಾತ್ರ ಮೆತ್ತಗೆ ಬಿಡಿಸು, ಒಳಗೆ ಕೈ ಹಾಕ್ಬೇಡ. ಕೆಂಪು ಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ, ಒಂಚೂರು ಮರಳು, ಒಂದು ಹಿಡಿ ಬೇವಿನ ಹಿಂಡಿ ಕಲಸಿ ಅದ್ರಲ್ಲಿ ಮತ್ತೆ ನೆಡು, ಹನ್ನೆರಡು ಇಂಚಿಗಿಂತ ಸಣ್ಣ ಪಾಟ್ ಬೇಡ. ಕಸಿ ಗಂಟು ಮಣ್ಣೊಳಗೆ ಹೂತು ಹೋಗ್ಬಾರ್ದು.

ನೀರಿನ ಬಗ್ಗೆ ಒಂದು ಹೇಳ್ಲೇಬೇಕು. 2024ರ ಬೇಸಿಗೆ ನೆನಪಿದೆಯಲ್ಲ, ಮಾರ್ಚಲ್ಲಿ ಜಲಮಂಡಳಿಯವರು ಕುಡಿಯೋ ನೀರನ್ನ ಗಿಡಕ್ಕೆ, ಕಾರ್ ತೊಳೆಯೋಕೆ ಹಾಕಂಗಿಲ್ಲ, ಹಾಕಿದ್ರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿದ್ರು. ಆಗ ನಾನು ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲಾ ಹಿಡಿದು ಹಿಡಿದು ಹಾಕ್ದೆ, ಗಿಡಗಳು ಉಳ್ಕೊಂಡ್ವು. ಆದ್ರೆ ಸಾಲ್ದು ಅಂತ ಆರ್‌ಓ ಫಿಲ್ಟರಿಂದ ಆಚೆ ಹೋಗೋ ನೀರನ್ನೂ ಎರಡು ಪಾಟಿಗೆ ಹಾಕಿದ್ನಲ್ಲ, ಅವೆರಡರ ಎಲೆ ಅಂಚು ಸುಟ್ಟಂಗಾಯ್ತು. ಬೋರ್ ನೀರಿನ ಉಪ್ಪೆಲ್ಲ ಅದ್ರಲ್ಲೇ ಸೇರಿರುತ್ತೆ. ಅದನ್ನ ನೆಲ ಒರೆಸೋಕೆ ಇಟ್ಕೋ, ಗುಲಾಬಿಗೆ ಬೇಡ.

ಕತ್ರಿಸಿದ ಮೇಲೆ ಎರಡು ವಾರ ಮಣ್ಣಿಗೆ ಕಲಸಿದ್ದು ಬಿಟ್ಟು ಬೇರೆ ಯಾವ ಗೊಬ್ಬರನೂ ಹಾಕ್ಬೇಡ, ಕೆಂಪು ಚಿಗುರು ಬರ್ಲಿ. ಆ ಚಿಗುರು ನೋಡೋಕೆ ಹೂವಿಗಿಂತ ಚೆಂದ ಅಂತೀನಿ ನಾನು, ಎಳೇ ಮಾವಿನೆಲೆ ತರ ಹೊಳೀತಿರುತ್ತೆ. ಆಮೇಲೆ ಕಡಲೆಕಾಯಿ ಹಿಂಡಿ ಮೂರು ದಿನ ನೆನೆಸಿ, ತಿಳಿನ ಹತ್ತು ಪಾಲು ನೀರಿಗೆ ಒಂದು ಪಾಲು ಹಾಕಿ ಹದಿನೈದು ದಿನಕ್ಕೊಂದ್ಸಲ ಕೊಡು. ವಾಸನೆ ಬರುತ್ತೆ, ಪಕ್ಕದ ಫ್ಲ್ಯಾಟಿನವ್ರಿಗೆ ಮೊದ್ಲೇ ಒಂದು ಮಾತು ಹೇಳಿರು. ಕತ್ರಿಸಿದ ಏಳು ವಾರಕ್ಕೆಲ್ಲ ಹೂವು ಬರುತ್ತೆ, ಬಸವನಗುಡಿ ಕಡಲೆಕಾಯಿ ಪರಿಷೆ ಹೊತ್ತಿಗೆ ಮೊಗ್ಗು ಕಂಡ್ರೂ ಕಾಣ್ಬೋದು. ಡಿಸೆಂಬರ್ ಚಳಿಗೆ ಎಲೆ ಮೇಲೆ ಬಿಳಿ ಬೂದಿ ತರ ರೋಗ ಕೂರುತ್ತೆ, ಅದು ಬಂದಾಗ ಫೋನ್ ಮಾಡು.

ಇನ್ನೊಂದು. ನಮ್ಮ ಅಜ್ಜಿ ಮನೆ ಪನ್ನೀರು ಗುಲಾಬಿ ನೆನಪಿದ್ಯಾ, ಚಾಮರಾಜಪೇಟೆ ಹಿತ್ಲಲ್ಲಿ ಬಾವಿ ಪಕ್ಕ ಇತ್ತಲ್ಲ, ಸ್ಕೂಲಿಂದ ಬರ್ತಾ ದಳ ಕಿತ್ತು ತಿಂತಿದ್ವಿ. ಮನೆ ಹೋಯ್ತು, ಬಾವಿ ಮುಚ್ಚಿದ್ರು, ಆದ್ರೆ ಒಡೆಯೋಕೆ ಮುಂಚೆ ಅಮ್ಮ ನಾಲ್ಕು ಕಡ್ಡಿ ತಂದು ನೆಟ್ಟಿದ್ರು, ಅದ್ರಲ್ಲಿ ಎರಡು ಬಂತು. ಅದಕ್ಕೆ ಕಸಿ ಗಿಸಿ ಏನೂ ಬೇಡ, ತನ್ನ ಬೇರಲ್ಲೇ ಬರುತ್ತೆ. ಈ ವಾರ ಅದನ್ನೂ ಕತ್ರಿಸ್ತೀನಿ, ನಿಂಗೆ ಅಂತ ಆರು ಕಡ್ಡಿ ಕವರಲ್ಲಿ ಹಾಕಿ ಇಡ್ತೀನಿ. ಭಾನುವಾರ ಬೆಳಿಗ್ಗೆ ಎಂಟಕ್ಕೆ ನಿಮ್ಮನೇಲಿರ್ತೀನಿ, ಕಟರ್ ಕೊಳ್ಳೋಕೆ ಹೋಗ್ಬೇಡ, ನಂದೇ ತರ್ತೀನಿ. ಅಲ್ಲಿವರೆಗೂ ಪಾಟ್ ಮುಟ್ಬೇಡ.

ನಿನ್ನವ