ಋಣದ ಕಾಲಂ ಖಾಲಿಯಾಯಿತು

ಕಳೆದ ವಾರ ಹೊಸ ಪಹಣಿ ತೆಗೆಸಿಕೊಂಡು ಬಂದೆವು. ಋಣಗಳ ಕಾಲಂನಲ್ಲಿ ಈಗ ಏನೂ ಇಲ್ಲ. ಒಂಬತ್ತು ವರ್ಷ ಅಲ್ಲಿ ಬ್ಯಾಂಕಿನ ಹೆಸರು ಕೂತಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. ಕಾಗದ ಮಡಚಿ ಜೇಬಿಗಿಟ್ಟುಕೊಂಡು "ಬಸ್ಸಿಗೆ ಹೊತ್ತಾಯ್ತು ನಡಿ" ಅಂದರು. ಅಷ್ಟೇ.

ಅಪ್ಪ ಬಾಯಿಬಿಟ್ಟು ಹೇಳುವವರಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದೂಮುಕ್ಕಾಲು ಎಕರೆ. ಒಂದೆಕರೆ ಹಿಪ್ಪುನೇರಳೆ, ಉಳಿದದ್ದರಲ್ಲಿ ರಾಗಿ, ನಡುವೆ ಅವರೆ ಸಾಲು. ನದಿ, ಕಾಲುವೆ ನಮ್ಮ ಕಡೆ ಎಲ್ಲಿ? ಸಾಲ ಆಗಿದ್ದೇ ಬೋರ್‌ವೆಲ್‌ಗೆ. ಎರಡು ಸಲ ಬರೀ ಧೂಳು ಬಂತು. ಮೂರನೆಯದರಲ್ಲಿ 1,240 ಅಡಿಗೆ ಒಂದೂವರೆ ಇಂಚು ನೀರು ಸಿಕ್ಕಿತು.

ಆ ಮೂರನೆಯದಕ್ಕೆ ಮುಂಚಿನ ಬೇಸಿಗೆ ಮರೆಯೋ ಹಾಗಿಲ್ಲ. ಮನೆಯಲ್ಲಿ ನೂರು ಮೊಟ್ಟೆ ಸಾಕಿದ್ದೆವು. ರೇಷ್ಮೆ ಗೊತ್ತಿಲ್ಲದವರಿಗೆ ಹೇಳಬೇಕು: ನೂರು ಮೊಟ್ಟೆ ಅಂದರೆ ನೂರು ಹುಳು ಅಲ್ಲ. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳನ್ನೆಲ್ಲ ಸೇರಿಸಿ ಒಂದು ಅಂತ ಲೆಕ್ಕ, ಅದರಲ್ಲೇ ನಾನೂರರ ಮೇಲೆ ಹುಳು. ಹುಳು ತಿನ್ನುವುದು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲಿನ ವಾರದಲ್ಲಿ ಅವು ತಿನ್ನುವುದಿದೆಯಲ್ಲ, ಇಡೀ ಬೆಳೆಯ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ಆಗಲೇ ಖರ್ಚು. ನಮ್ಮ ಹುಳು ಜ್ವರ ಎದ್ದವು, ತೋಟದಲ್ಲಿ ಸೊಪ್ಪಿಲ್ಲ. ತಟ್ಟೆಯ ಮೇಲೆ ತಲೆ ಎತ್ತಿಕೊಂಡು ಅತ್ತಿತ್ತ ಆಡಿಸುತ್ತಿದ್ದವು. ಅಮ್ಮ ಆ ಕಡೆ ನೋಡುವುದನ್ನೇ ಬಿಟ್ಟಿದ್ದಳು.

ಪಕ್ಕದ ತೋಟದ ದೊಡ್ಡಮ್ಮ ನಮಗೆ ನೆಂಟರೇನಲ್ಲ, ಕರೆಯೋದು ಹಾಗೆ. ಅವರೂ ಮುಂದಿನ ಬೆಳೆಗೆ ಅಂತ ಸೊಪ್ಪು ಬಿಟ್ಟುಕೊಂಡಿದ್ದರು. ಕೆಜಿಗೆ ಎಷ್ಟು ಅಂತ ಅಪ್ಪ ಕೇಳಲು ಹೋದರೆ, "ಹುಳು ಹಸ್ಕೊಂಡಿರೋವಾಗ ಲೆಕ್ಕ ಏನಪ್ಪಾ, ಕುಡುಗೋಲು ತಗೊಂಡು ಬಾ" ಅಂದರು. ಐದು ದಿನ ಅವರ ತೋಟ ಕೊಯ್ದೆವು. ಅವರು ಆ ಸಲ ಹುಳು ತರಲೇ ಇಲ್ಲ. ಗೂಡು ಮಾರಿದ ಮೇಲೆ ದುಡ್ಡು ಕೊಟ್ಟರೆ ತಳ್ಳಿದರು. ಒಂದು ಮೂಟೆ ರಾಗಿ ಸಾಕು, ಅದೂ ಸುಗ್ಗಿ ಆದ ಮೇಲೆ ಅಂದರು. ದೊಡ್ಡಮ್ಮಾ, ನಿಮ್ಮ ಮೊಮ್ಮಗ ಇದನ್ನು ಓದಿ ಹೇಳುತ್ತಾನೆ, ಕೇಳಿಸಿಕೊಳ್ಳಿ.

ಚಂದ್ರಿಕೆ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ, ಬಾಡಿಗೆಗೆ ಕೊಡುತ್ತಿದ್ದ ಅಣ್ಣನಿಗೂ ಥ್ಯಾಂಕ್ಸ್. ಮೂರು ಬೆಳೆಯ ಬಾಡಿಗೆ ಬಾಕಿ ಇದ್ದರೂ ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾದ ದಿನ ಗಾಡಿಯಲ್ಲಿ ತಂದು ಇಳಿಸಿದರು. ನಡುರಾತ್ರಿ ಗೂಡಿನ ಚೀಲ ಮಾರ್ಕೆಟ್ಟಿಗೆ ಮುಟ್ಟಿಸಿದ ಟೆಂಪೋದವರಿಗೂ.

ಅಕ್ಕನಿಗೆ ಹೇಗೆ ಹೇಳಲಿ? ಎಸ್ಸೆಸ್ಸೆಲ್ಸಿ ಆದ ಮೇಲೆ ಅವಳು ಸೊಪ್ಪು ಕೊಯ್ಯಲು ನಿಂತಳು, ನಾನು ಕಾಲೇಜಿಗೆ ಹೋದೆ. ತ್ಯಾಗ ಅಂತ ಎಲ್ಲರೂ ಹೊಗಳುತ್ತಾರೆ. ನನಗೆ ಆ ಮಾತು ಸರಿ ಕಾಣಲ್ಲ. ನಿನಗೆ ಓದಬೇಕಾ ಅಂತ ಅವಳನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಸಾಲದ ಕೊನೆಯ ನಾಲ್ಕು ಕಂತಿನಲ್ಲಿ ಅವಳು ಹೊಲಿಗೆಯಿಂದ ಉಳಿಸಿದ ದುಡ್ಡೂ ಇತ್ತು ಅಂತ ನನಗೆ ಗೊತ್ತಾಗಿದ್ದು ಮೊನ್ನೆ.

ಈ ಭಾನುವಾರ ಮನೆಯಲ್ಲಿ ಮುದ್ದೆ, ಹಿತಕಿದ ಬೇಳೆ ಸಾರು. ಎಲ್ಲರೂ ಬನ್ನಿ. ಹುಳು ಮೂರನೇ ಜ್ವರಕ್ಕೆ ಕೂತಿವೆ, ಹೊಗೆ ಅವಕ್ಕೆ ಆಗಲ್ಲ, ಹಾಗಾಗಿ ಒಗ್ಗರಣೆ ಹಿತ್ತಲಿನ ಒಲೆಯಲ್ಲಿ. ಬೀಡಿ ಸೇದುವವರು ದಯವಿಟ್ಟು ರಸ್ತೆ ದಾಟಿ ಸೇದಿ ಬನ್ನಿ.